ಮುಚ್ಚಿದ ಗುಂಡಿ ಮತ್ತೆ ಬಾಯಿ ಬಿಡುವುದು ಯಾಕೆ?

ಪ್ರಶ್ನೆ: ನಮ್ಮ ಬೀದಿ ತಿರುವಿನಲ್ಲಿರುವ ಗುಂಡಿಯನ್ನು ನಗರಸಭೆಯವರು ಮುಚ್ಚುತ್ತಾರೆ, ಎರಡು ಮಳೆಗೆ ಅದು ಅಲ್ಲೇ ಮತ್ತೆ ಬಾಯಿ ಬಿಡುತ್ತದೆ. ಎರಡು ಬೀದಿ ಆಚೆ ಚೆನ್ನಾಗಿಯೇ ಇದ್ದ ರಸ್ತೆಗೆ ಮಾತ್ರ ಹೊಸ ಡಾಂಬರು ಬಿತ್ತು. ಮುಖ್ಯ ರಸ್ತೆಯನ್ನು ಅಗೆದು ಮುಚ್ಚಿದ ಮೇಲಿಂದ ಸಿಗ್ನಲ್ ಖಾಲಿ ರಸ್ತೆಗೆ ಹಸಿರು ಕೊಟ್ಟುಕೊಂಡು ನಿಂತಿರುತ್ತದೆ. ಹಳೇ ಸೇತುವೆಗೆ ಭಾರದ ಮಿತಿಯ ಬೋರ್ಡ್ ಹಾಕಿ ವರ್ಷಗಳಾದವು, ಕೆಲಸ ಮಾತ್ರ ಕಾಣೆ. ಇದೆಲ್ಲ ದುಡ್ಡು ಹೊಡೆಯುವ ದಾರಿಯಾ, ಇಲ್ಲಾ ಇದರ ಹಿಂದೆ ಏನಾದರೂ ಲೆಕ್ಕ ಇದೆಯಾ? ದೂರು ಕೊಡುವಾಗ ನಾವು ಏನು ಕೇಳಬೇಕು?

ಉತ್ತರ:

ದುಡ್ಡು ಹೊಡೆಯುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲರೂ ಪ್ರಾಮಾಣಿಕರೇ ಆಗಿರುವ ನಗರಸಭೆಯಲ್ಲೂ ನೀವು ಹೇಳಿದ ನಾಲ್ಕೂ ನಡೆಯಬಹುದು. ಅದರಲ್ಲಿ ಒಂದು ತಪ್ಪೇ ಅಲ್ಲದಿರಬಹುದು, ಯಾವುದು ಅಂತ ಮುಂದೆ ಹೇಳುತ್ತೇನೆ. ಉಳಿದವುಗಳ ಹಿಂದೆ ಹೆಚ್ಚಾಗಿ ಇರುವುದು ಎರಡು ವಿಷಯ: ಹೋಗಲು ದಾರಿ ಇಲ್ಲದ ನೀರು, ಮತ್ತು ಒಂದು ವಿಭಾಗ ಮಾಡಿದ್ದು ಇನ್ನೊಂದು ವಿಭಾಗಕ್ಕೆ ಗೊತ್ತಾಗದೇ ಇರುವುದು.

ಮೊದಲು ಗುಂಡಿ. ಅದು ಮೇಲಿಂದ ಶುರುವಾಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಹಾಳಾಗುವುದು ಕೆಳಗಿನಿಂದ. ಡಾಂಬರು ಪದರ ರಸ್ತೆಗೆ ಮನೆಯ ಸೂರಿದ್ದ ಹಾಗೆ, ನೀರು ಒಳಗಿಳಿಯದಂತೆ ತಡೆಯುವುದು ಅದರ ದೊಡ್ಡ ಕೆಲಸ. ಭಾರದ ಬಹುಪಾಲನ್ನು ಹೊರುವುದು ಕೆಳಗಿನ ಜಲ್ಲಿ ಮತ್ತು ಗಟ್ಟಿ ಮಾಡಿದ ಮಣ್ಣು. ಜಲ್ಲಿ ಒಣಗಿರುವಾಗ ಕಲ್ಲಿಗೆ ಕಲ್ಲು ಕಚ್ಚಿಕೊಂಡು ಕೂತಿರುತ್ತದೆ. ಮೇಲೆ ಒಂದು ಸಣ್ಣ ಬಿರುಕು ಬಿಟ್ಟು ನೀರು ಇಳಿಯಿತು ಅನ್ನಿ, ಕಲ್ಲಿನ ಸಂದಿಯ ಪುಡಿ ಕೆಸರಾಗುತ್ತದೆ. ಮೇಲೆ ಲಾರಿಯ ಚಕ್ರ ಹಾದಾಗ ಆ ಕೆಸರು ಒತ್ತಡಕ್ಕೆ ಬಿರುಕಿನ ಮೂಲಕ ಹೊರಗೆ ಚಿಮ್ಮುತ್ತದೆ. ಮಳೆ ನಿಂತ ಮರುದಿನ ಬಿರುಕಿನ ಅಂಚಿಗೆ ಮಣ್ಣು ಬಣ್ಣದ ನುಣ್ಣನೆ ಪುಡಿ ಕಟ್ಟಿಕೊಂಡಿರುವುದನ್ನು ನೋಡಿರುತ್ತೀರಿ. ಅದು ಗಾಳಿಗೆ ಬಂದ ಧೂಳಲ್ಲ, ರಸ್ತೆಯ ಹೊಟ್ಟೆಯಿಂದ ಬಂದದ್ದು. ಹೊರಗೆ ಎಷ್ಟು ಬಂದಿದೆಯೋ ಒಳಗೆ ಅಷ್ಟು ಟೊಳ್ಳು. ಚಳಿ ದೇಶಗಳಲ್ಲಿ ಇದರ ಮೇಲೆ ಇನ್ನೊಂದು ಕಾಟ, ಒಳಗಿನ ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗಿ ರಸ್ತೆಯನ್ನೇ ಎತ್ತುತ್ತದೆ, ಕರಗಿದಾಗ ಅಲ್ಲಿ ಖಾಲಿ ಜಾಗ ಉಳಿಯುತ್ತದೆ.

ಈಗ ಮುಚ್ಚುವ ಕೆಲಸ ನೋಡಿ. ಗಾಡಿ ಬಂತು, ಗುಂಡಿಯಲ್ಲಿ ನೀರು ಇರುವಾಗಲೇ ಸಲಿಕೆಯಿಂದ ಮಿಶ್ರಣ ಸುರಿದರು, ಸಲಿಕೆಯ ಬೆನ್ನಿನಿಂದ ತಟ್ಟಿದರು, ಹೋದರು. ಸರಿಯಾದ ಪ್ಯಾಚ್ ಹೀಗಿರುವುದಿಲ್ಲ. ಗುಂಡಿ ಎಷ್ಟಿದೆಯೋ ಅಷ್ಟನ್ನೇ ತುಂಬಿದರೆ ಪ್ರಯೋಜನ ಇಲ್ಲ, ಯಾಕೆಂದರೆ ಸುತ್ತಲಿನ ಅಂಚು ಆಗಲೇ ಸಡಿಲವಾಗಿರುತ್ತದೆ. ಗಟ್ಟಿ ರಸ್ತೆ ಸಿಗುವ ತನಕ ಹೊರಗೆ ಹೋಗಿ ಚೌಕವಾಗಿ ಕಟ್ ಮಾಡಬೇಕು, ಅಂಚು ಗೋಡೆಯಂತೆ ನೆಟ್ಟಗಿರಬೇಕು. ಒಳಗಿನ ಕೆಸರು, ಬಿಡಿ ಕಲ್ಲು ತೆಗೆದು ಒಣಗಿಸಬೇಕು. ತಳಕ್ಕೂ ಅಂಚಿಗೂ ತೆಳುವಾಗಿ ಅಂಟು ಡಾಂಬರು ಬಳಿಯಬೇಕು, ಟ್ಯಾಕ್ ಕೋಟ್ ಅನ್ನುತ್ತಾರೆ. ಆಮೇಲೆ ಬಿಸಿ ಮಿಶ್ರಣವನ್ನು ಸುಮಾರು 5 ಸೆಂ.ಮೀ. ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಯಂತ್ರದಲ್ಲೇ ಅದುಮಿ, ಕೊನೆಗೆ ಹಳೇ ರಸ್ತೆ ಮತ್ತು ಹೊಸ ಪ್ಯಾಚ್ ಸೇರುವ ಗೆರೆಯನ್ನು ಸೀಲ್ ಮಾಡಬೇಕು. ಆ ಗೆರೆಯನ್ನು ಬಿಟ್ಟರೆ ನೀರು ಮತ್ತೆ ಇಳಿಯುವುದು ಅಲ್ಲಿಂದಲೇ.

ಅವಸರದ ಪ್ಯಾಚ್ ತಪ್ಪು ಅಂತ ಅಲ್ಲ. ಬೈಕಿನವರು ಬೀಳುವ ಜಾಗದಲ್ಲಿ, ಸುರಿಯುವ ಮಳೆಯಲ್ಲಿ, ಇವತ್ತು ರಾತ್ರಿಯೊಳಗೆ ಏನಾದರೂ ತುಂಬಲೇಬೇಕು. ಮಳೆ ನಿಂತ ಮೇಲೆ ಮತ್ತೆ ಬಂದು ಅದನ್ನು ತೆಗೆದು ಸರಿಯಾಗಿ ಮಾಡುವುದು ಎರಡನೇ ಹೆಜ್ಜೆ. ದೂರಿನ ಪುಸ್ತಕದಲ್ಲಿ ಮೊದಲ ಹೆಜ್ಜೆಗೇ ‘ಮುಗಿದಿದೆ’ ಅಂತ ಬರೆದುಬಿಡುತ್ತಾರೆ, ಎರಡನೆಯದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಗುಂಡಿಯ ಕಥೆಯೂ ಬಹುಶಃ ಇದೇ.

ನಿಮ್ಮದು ತಿರುವು ಬೇರೆ. ತಿರುವಿನಲ್ಲಿ ಗಾಡಿಗಳು ಬ್ರೇಕ್ ಹಾಕಿ, ಚಕ್ರ ತಿರುಚಿಕೊಂಡು ಹೋಗುತ್ತವೆ, ಡಾಂಬರನ್ನು ಪಕ್ಕಕ್ಕೆ ಎಳೆಯುವ ಬಲ ಅಲ್ಲಿ ಜಾಸ್ತಿ. ಆದರೂ ಅದೇ ಒಂದು ಜಾಗ ಪದೇ ಪದೇ ಹೋಗುತ್ತಿದೆ ಅಂದರೆ ನಾನು ಮೊದಲು ಗುಂಡಿಯನ್ನು ನೋಡುವುದಿಲ್ಲ, ಪಕ್ಕದ ಚರಂಡಿಯನ್ನು ನೋಡುತ್ತೇನೆ. ರಸ್ತೆ ಚಪ್ಪಟೆಯಾಗಿ ಇರಬಾರದು, ನಡುವಿನಿಂದ ಅಂಚಿಗೆ ಸಾಮಾನ್ಯವಾಗಿ 2ರಿಂದ 2.5% ಇಳಿಜಾರು ಇರಬೇಕು. ಅಂದರೆ 3.5 ಮೀಟರ್ ಅಗಲದ ಒಂದು ಲೇನ್‌ನಲ್ಲಿ ಸುಮಾರು 7ರಿಂದ 9 ಸೆಂ.ಮೀ. ಇಳಿತ. ವರ್ಷಾನುವರ್ಷ ಹಳೆಯದನ್ನು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕುತ್ತಾ ಬಂದಿದ್ದರೆ ಈ ಇಳಿಜಾರು ಕೆಟ್ಟಿರುತ್ತದೆ, ಚರಂಡಿಯ ಬಾಯಿಗೂ ಡಾಂಬರು ಬಿದ್ದು ಅರ್ಧ ಮುಚ್ಚಿರುತ್ತದೆ. ಒಂದು ಸುಲಭದ ಪರೀಕ್ಷೆ ಇದೆ. ಮಳೆ ನಿಂತು ಒಂದು ಗಂಟೆ ಆದ ಮೇಲೆ ಹೋಗಿ ನೋಡಿ. ರಸ್ತೆ ಎಲ್ಲ ಒಣಗುತ್ತಾ ಬಂದು ಆ ಜಾಗದಲ್ಲಿ ಮಾತ್ರ ನೀರು ನಿಂತಿದ್ದರೆ ಅದರ ಫೋಟೋ ತೆಗೆಯಿರಿ. ಮಳೆ ಬಂದು ದಿನಗಳಾದರೂ ಅಲ್ಲಿ ಒದ್ದೆ ಹೋಗಿಲ್ಲ ಅಂದರೆ ಕೆಳಗೆ ನೀರಿನ ಪೈಪ್ ಸೋರುತ್ತಿರಬಹುದು, ಆಗ ಮಾತಾಡಬೇಕಾದ ವಿಭಾಗವೇ ಬೇರೆ.

ಇನ್ನು ಭಾರದ ವಿಷಯ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ನೋಡಿದರು. ಆಶೋ ರಸ್ತೆ ಪರೀಕ್ಷೆ ಅಂತ ಅದಕ್ಕೆ ಹೆಸರು. ಅದರಿಂದ ಬಂದ ಅಂದಾಜು ಸೂತ್ರ: ರಸ್ತೆಗೆ ಆಗುವ ಹಾನಿ ಆಕ್ಸಲ್ (ಎರಡು ಬದಿಯ ಚಕ್ರ ಸೇರಿಸುವ ಅಚ್ಚು) ಹೊರುವ ಭಾರದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಆಕ್ಸಲ್ ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ಹತ್ತು ಪಟ್ಟಾದರೆ 10,000 ಪಟ್ಟು. ನಿಮ್ಮ ಕಾರು, ಬೈಕುಗಳಿಂದ ರಸ್ತೆ ಸವೆಯುವುದು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಎಲ್ಲೋ ಕಟ್ಟಡ ಏಳುತ್ತಿದೆ, ಅದಕ್ಕೆ ಮಿತಿ ಮೀರಿ ಮರಳು ತುಂಬಿದ ಲಾರಿಗಳು ನಿಮ್ಮ ಬೀದಿಯಲ್ಲೇ ಹೋಗುತ್ತಿವೆ ಅಂದರೆ ರಸ್ತೆ ತಿನ್ನುತ್ತಿರುವವರು ಅವರು. ರಸ್ತೆಯ ಮೇಲೆ ಮೊಸಳೆ ಚರ್ಮದ ಹಾಗೆ ಸಣ್ಣ ಸಣ್ಣ ಬಿರುಕಿನ ಜಾಲ ಕಂಡರೆ ಕೆಳಗಿನ ಪದರ ಸೋತಿದೆ ಅಂತ ಅರ್ಥ, ಅಲ್ಲಿ ಪ್ಯಾಚ್ ಹಾಕುವುದು ಸುಮ್ನೆ.

ಈಗ ಆ ಚೆನ್ನಾಗಿದ್ದ ರಸ್ತೆಗೆ ಬರೋಣ. ತಪ್ಪೇ ಅಲ್ಲದಿರಬಹುದು ಅಂತ ನಾನು ಹೇಳಿದ್ದು ಇದನ್ನೇ. ಕೇಳಿದರೆ ಸಿಟ್ಟು ಬರುತ್ತದೆ, ಗೊತ್ತು. ರಸ್ತೆಯ ಸ್ಥಿತಿಗೆ 0ಯಿಂದ 100ರ ತನಕ ಅಂಕ ಕೊಡುವ ಪದ್ಧತಿ ಇದೆ, ಎಷ್ಟೋ ನಗರಾಡಳಿತಗಳು ಅದನ್ನು ಬಳಸುತ್ತವೆ. ಹೊಸ ರಸ್ತೆಯ ಅಂಕ ಮೊದಲ ಹಲವು ವರ್ಷ ನಿಧಾನವಾಗಿ ಇಳಿಯುತ್ತದೆ. ಬಿರುಕುಗಳಿಂದ ನೀರು ಇಳಿಯಲು ಶುರುವಾದ ಮೇಲೆ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತಕ್ಕೆ ಸ್ವಲ್ಪ ಮುಂಚೆ ಬಿರುಕು ಸೀಲ್ ಮಾಡಿದರೆ, ಇಲ್ಲವೇ ಡಾಂಬರು ಚಿಮುಕಿಸಿ ಸಣ್ಣ ಜಲ್ಲಿ ಹರಡಿ ರೋಲರ್ ಓಡಿಸಿದರೆ ಇನ್ನೂ ಕೆಲವು ವರ್ಷ ನೀರು ಒಳಗೆ ಹೋಗುವುದಿಲ್ಲ. ಕುಸಿದ ಮೇಲೆ ಬಂದರೆ ಬುಡದಿಂದ ಅಗೆದು ಕಟ್ಟಬೇಕು, ಅದರ ಖರ್ಚಿನಲ್ಲಿ ಅಂಥ ಹಲವು ರಸ್ತೆಗಳನ್ನು ಉಳಿಸಬಹುದಿತ್ತು. ಅದಕ್ಕೇ ಕೈಯಲ್ಲಿರುವ ದುಡ್ಡನ್ನೆಲ್ಲ ತೀರಾ ಕೆಟ್ಟ ರಸ್ತೆಗಳಿಗೇ ಸುರಿದರೆ ಐದಾರು ವರ್ಷದಲ್ಲಿ ಇವತ್ತಿನ ಒಳ್ಳೆಯ ರಸ್ತೆಗಳೂ ಕೆಟ್ಟ ಪಟ್ಟಿಗೆ ಬಂದು ಕೂರುತ್ತವೆ.

ಹಾಗಂತ ಎಲ್ಲ ಹೊಸ ಡಾಂಬರನ್ನೂ ನಾನು ಸಮರ್ಥಿಸುವುದಿಲ್ಲ. ತೆಳುವಾದ ಪದರ, ಬಿರುಕು ಸೀಲ್, ಸಣ್ಣ ಜಲ್ಲಿ ಇದ್ದರೆ ಅದು ಉಳಿಸುವ ಕೆಲಸ. ಬಿರುಕೇ ಇಲ್ಲದ ರಸ್ತೆಗೆ ದಪ್ಪ ಪದರ ಬಿದ್ದಿದೆ, ಚರಂಡಿಯನ್ನು ಯಾರೂ ಮುಟ್ಟಿಲ್ಲ, ಆ ರಸ್ತೆಯ ಸ್ಥಿತಿ ಅಳೆದ ದಾಖಲೆಯೂ ಇಲ್ಲ ಅಂದರೆ ನಿಮ್ಮ ಅನುಮಾನಕ್ಕೆ ಜಾಗ ಇದೆ. ಅಂಕಪಟ್ಟಿ ತೋರಿಸಿ ಅಂತ ಕೇಳಿ. ಅಳತೆ ಮಾಡಿದವರು ತೋರಿಸುವುದಕ್ಕೆ ಹಿಂಜರಿಯುವುದಿಲ್ಲ.

ಸಿಗ್ನಲ್ ವಿಷಯ ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ನೀವೇ ಬರೆದ ಒಂದು ಮಾತಿನಿಂದ: ‘ಅಗೆದು ಮುಚ್ಚಿದ ಮೇಲಿಂದ’. ಗಾಡಿಗಳನ್ನು ಲೆಕ್ಕ ಹಿಡಿದು ಹಸಿರು ಕೊಡುವ ಸಿಗ್ನಲ್‌ಗಳಲ್ಲಿ ಹಲವಕ್ಕೆ ಕಣ್ಣು ಇರುವುದು ಕಂಬದ ಮೇಲಲ್ಲ, ರಸ್ತೆಯ ಒಳಗೆ. ಸ್ಟಾಪ್ ಲೈನ್ ಹತ್ತಿರ ಡಾಂಬರಿನಲ್ಲಿ ಆಯತಾಕಾರದ ತೆಳು ಗೆರೆ ಕಾಣುತ್ತದಲ್ವಾ, ಅಲ್ಲಿ ಸೀಳು ಕೊರೆದು ತಂತಿಯ ಸುರುಳಿ ಹೂತಿರುತ್ತಾರೆ. ಗಾಡಿಯ ಲೋಹ ಅದರ ಮೇಲೆ ಬಂದಾಗ ಸುರುಳಿಯ ಇಂಡಕ್ಟೆನ್ಸ್ ಅನ್ನುವ ವಿದ್ಯುತ್ ಗುಣ ಬದಲಾಗುತ್ತದೆ, ಪಕ್ಕದ ಪೆಟ್ಟಿಗೆಯಲ್ಲಿರುವ ಕಂಟ್ರೋಲರ್‌ಗೆ ‘ಗಾಡಿ ಬಂತು’ ಅಂತ ಗೊತ್ತಾಗುತ್ತದೆ. ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ. (ಸೈಕಲ್ಲಿನವರಿಗೆ ಹಸಿರು ಬರುತ್ತಿಲ್ಲ ಅಂದರೆ ಸುರುಳಿಯ ನಡುವೆ ನಿಲ್ಲಬೇಡಿ, ಕೊರೆದ ಗೆರೆಯ ಮೇಲೇ ಚಕ್ರ ಇಟ್ಟು ನಿಲ್ಲಿ, ಎಷ್ಟೋ ಸಲ ಕೆಲಸ ಆಗುತ್ತದೆ.)

ಕೇಬಲ್‌ನವರೋ ಪೈಪಿನವರೋ ರಸ್ತೆ ಅಗೆದಾಗ, ಅಥವಾ ಹೊಸ ಡಾಂಬರಿಗಾಗಿ ಹಳೆಯದನ್ನು ಕೆರೆದಾಗ ಈ ತಂತಿ ತುಂಡಾಗುತ್ತದೆ. ಆಗ ಕಂಟ್ರೋಲರ್ ಏನು ಮಾಡಬೇಕು? ‘ಗಾಡಿ ಇಲ್ಲ’ ಅಂದುಕೊಂಡರೆ ಆ ಕಡೆಯವರಿಗೆ ಹಸಿರೇ ಸಿಗುವುದಿಲ್ಲ, ಜನ ಕಾದು ಕಾದು ಕೆಂಪು ದಾಟುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಅದನ್ನು ಸುರಕ್ಷಿತ ಕಡೆಗೆ ವಾಲುವ ಹಾಗೆ ಮಾಡಿರುತ್ತಾರೆ, ತಂತಿ ಸತ್ತರೆ ‘ಯಾವಾಗಲೂ ಗಾಡಿ ಇದೆ’ ಅಂತಲೇ ಭಾವಿಸುತ್ತದೆ. ಪ್ರತಿ ಸುತ್ತಿನಲ್ಲೂ ಖಾಲಿ ರಸ್ತೆಗೆ ಪೂರ್ತಿ ಹಸಿರು. ನಿಮ್ಮ ಸಿಗ್ನಲ್ ಈಗ ಮಾಡುತ್ತಿರುವುದೂ ಅದೇ ಇರಬೇಕು. ಇದು ಸಮಯ ಬದಲಿಸಿದರೆ ಸರಿಹೋಗುವ ತೊಂದರೆ ಅಲ್ಲ. ತಂತಿ ಮತ್ತೆ ಹೂಳಬೇಕು, ಇಲ್ಲವೇ ಕ್ಯಾಮೆರಾ ಅಥವಾ ರಾಡಾರ್ ಸೆನ್ಸರ್ ಹಾಕಬೇಕು. ಅಗೆದವರ ಬಿಲ್ಲಿಗೆ ಇದನ್ನು ಸೇರಿಸಬೇಕಿತ್ತು. ಆದರೆ ಅಗೆಯಲು ಅನುಮತಿ ಕೊಟ್ಟ ವಿಭಾಗಕ್ಕೆ ಅಲ್ಲಿ ತಂತಿ ಇರುವುದೇ ಗೊತ್ತಿರಲಿಲ್ಲ ಅಂದರೆ ಯಾರನ್ನು ಕೇಳುತ್ತೀರಿ? ಯಾವ ಸಿಗ್ನಲ್‌ಗೆ ಯಾವ ತಂತಿ ಎಲ್ಲಿದೆ ಅನ್ನುವ ನಕ್ಷೆ ಇಟ್ಟುಕೊಳ್ಳುವುದು ಹೊಸ ಸಿಗ್ನಲ್ ಹಾಕುವುದಕ್ಕಿಂತ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ, ಉದ್ಘಾಟನೆಗೆ ಮಾತ್ರ ಬರುವುದಿಲ್ಲ.

ತಂತಿ ಸರಿ ಇದ್ದರೂ ಸಿಗ್ನಲ್ ಹಳತಾಗುತ್ತದೆ. ದೀಪ ಉರಿಯುತ್ತಿದೆ ಅಂದಮಾತ್ರಕ್ಕೆ ಕೆಲಸ ಮಾಡುತ್ತಿದೆ ಅಂತಲ್ಲ. ಹೊಸ ಶಾಲೆ, ಹೊಸ ಬಡಾವಣೆ ಬಂದಿರುತ್ತದೆ, ಸಮಯ ಮಾತ್ರ ಹಳೇ ಸಂಚಾರಕ್ಕೆ ಹೊಂದಿಸಿದ್ದು. 3ರಿಂದ 5 ವರ್ಷಕ್ಕೊಮ್ಮೆ ಗಾಡಿಗಳನ್ನು ಎಣಿಸಿ ಸಮಯವನ್ನು ಮತ್ತೆ ಹೊಂದಿಸಬೇಕು ಅನ್ನುವುದು ಈ ಕ್ಷೇತ್ರದಲ್ಲಿ ಸಾಮಾನ್ಯ ಸಲಹೆ. ಜೊತೆಗೆ ನಡೆದು ಹೋಗುವವರ ಸಮಯವನ್ನೂ ನೋಡಬೇಕು. ಅಮೆರಿಕದ ಸಂಚಾರ ಸಿಗ್ನಲ್ ಕೈಪಿಡಿಯಲ್ಲಿ ಮೊದಲು ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆ ಅಂತ ಲೆಕ್ಕ ಹಿಡಿಯುತ್ತಿದ್ದರು, 2009ರಲ್ಲಿ ಅದನ್ನು ಸುಮಾರು 1.07ಕ್ಕೆ ಇಳಿಸಿದರು. 12 ಮೀಟರ್ ರಸ್ತೆಗೆ 10 ಸೆಕೆಂಡ್ ಇದ್ದದ್ದು 11 ದಾಟಿತು. ಸಣ್ಣದು ಅನ್ನಿಸುತ್ತದೆ, ಕೋಲು ಹಿಡಿದು ದಾಟುವವರನ್ನು ಕೇಳಿ ನೋಡಿ.

ಕೊನೆಗೆ ಸೇತುವೆ. ನಿಮ್ಮ ನಾಲ್ಕರಲ್ಲಿ ನಾನು ನಿಜವಾಗಿ ಹೆದರುವುದು ಇದಕ್ಕೆ. ಗುಂಡಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಸೇತುವೆ ಹಾಗಲ್ಲ, ಮೇಲೆ ನುಣ್ಣಗೆ ಡಾಂಬರು, ಬಣ್ಣ ಬಳಿದ ಕಟಕಟೆ, ಕೆಳಗೆ ಏನಾಗುತ್ತಿದೆ ಅಂತ ಕೆಳಗಿಳಿದವರಿಗೇ ಗೊತ್ತು.

ನಗರಾಡಳಿತದ್ದೇ ಸೇತುವೆಯ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೋ ಸೇತುವೆ 2022ರ ಜನವರಿ 28ರ ಬೆಳಗ್ಗೆ ಕುಸಿದು ಕಣಿವೆಗೆ ಬಿತ್ತು. ಮೇಲೆ ಒಂದು ಬಸ್ಸೂ ಇತ್ತು. ಯಾರೂ ಸಾಯಲಿಲ್ಲ, ಅದೃಷ್ಟ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಬಂದ ಕಾರಣ ಕೇಳಿದರೆ ನಂಬುವುದು ಕಷ್ಟ: ಕಟ್ಟಿಕೊಂಡ ನೀರಿನ ದಾರಿ. ಆ ಸೇತುವೆಗೆ ಬಳಸಿದ್ದು ತನ್ನ ಮೇಲೆ ತಾನೇ ಗಟ್ಟಿ ತುಕ್ಕಿನ ಪದರ ಕಟ್ಟಿಕೊಂಡು ಬಣ್ಣವೇ ಬೇಡ ಅನ್ನುವ ಜಾತಿಯ ಉಕ್ಕು. ಅದು ಆಗಾಗ ಒಣಗಿದರೆ ಮಾತ್ರ ಆ ಪದರ ಕಟ್ಟುತ್ತದೆ. ಎಲೆ, ಮಣ್ಣು ತುಂಬಿ ನೀರು ಹೋಗದೆ ಕಾಲುಗಳ ಬುಡ ಸದಾ ಒದ್ದೆ ಇದ್ದದ್ದರಿಂದ ಉಕ್ಕು ತೂತಾಗುವಷ್ಟು ತುಕ್ಕು ಹಿಡಿಯಿತು. ತಪಾಸಣೆ ಆಗಿರಲಿಲ್ಲವಾ? ಆಗುತ್ತಲೇ ಇತ್ತು. ವರದಿಯಲ್ಲಿ ವರ್ಷ ವರ್ಷವೂ ‘ಸ್ವಚ್ಛ ಮಾಡಿ, ದುರಸ್ತಿ ಮಾಡಿ’ ಅಂತ ಬರೆದಿದ್ದರು. ಮಾಡಲಿಲ್ಲ.

ಇನ್ನೊಂದು ಮಾತು ನಿಮ್ಮ ಬೋರ್ಡಿಗೆ ಸಂಬಂಧಿಸಿದ್ದು. ಆ ಸೇತುವೆಗೂ 26 ಟನ್ ಮಿತಿಯ ಬೋರ್ಡ್ ಇತ್ತು. ಆದರೆ ಮಿತಿಯ ಲೆಕ್ಕದಲ್ಲೇ ತಪ್ಪಿತ್ತು. ಸೇತುವೆಯ ಮೇಲೆ ನಿಜವಾಗಿ ಇದ್ದ ಡಾಂಬರು ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ದಪ್ಪವಾಗಿತ್ತು, ತುಕ್ಕಿನಿಂದಾದ ನಷ್ಟವನ್ನೂ ಸರಿಯಾಗಿ ಕಳೆದಿರಲಿಲ್ಲ. ಲೆಕ್ಕ ಸರಿ ಇದ್ದಿದ್ದರೆ ಸೇತುವೆಯನ್ನು ಮುಚ್ಚಲೇಬೇಕಿತ್ತು. ಡಾಂಬರಿನ ತೂಕ ಎಷ್ಟಿದ್ದೀತು ಅಂತ ತಾತ್ಸಾರ ಬೇಡ. 40 ಮೀಟರ್ ಉದ್ದ, 8 ಮೀಟರ್ ಅಗಲದ ಸೇತುವೆಗೆ ಬರೀ 5 ಸೆಂ.ಮೀ. ಹೊಸ ಪದರ ಹಾಕಿದರೆ ಸುಮಾರು 37 ಟನ್ ಆಗುತ್ತದೆ. ಹಗಲೂ ರಾತ್ರಿ ಇಳಿಯದೆ ನಿಂತಿರುವ ಭಾರ ಅದು. ರಸ್ತೆ ಕಾಂಟ್ರಾಕ್ಟ್‌ನವರು ಸೇತುವೆಯ ಮೇಲೂ ಹಾಗೇ ಹಾಕಿಕೊಂಡು ಹೋಗುವುದನ್ನು ಕಂಡರೆ ಹಳೆಯದನ್ನು ಕೆರೆದಿದ್ದಾರಾ ಅಂತ ಕೇಳಿ.

ಬೋರ್ಡ್ ದುರಸ್ತಿಯೂ ಅಲ್ಲ, ಮೋಸವೂ ಅಲ್ಲ. ದುರಸ್ತಿ ಆಗುವ ತನಕ ಭಾರ ಕಡಿಮೆ ಮಾಡುವ ದಾರಿ ಅಷ್ಟೇ. ಅದಕ್ಕೆ ಅವಧಿ ಇರಬೇಕು, ಮಿತಿ ಮೀರಿದ ಲಾರಿಯನ್ನು ತಡೆಯುವ ಎತ್ತರದ ಕಮಾನೋ ಕಾವಲೋ ಇರಬೇಕು, ಮತ್ತು ಮಾಮೂಲಿಗಿಂತ ಬೇಗ ಬೇಗ ತಪಾಸಣೆ ಆಗಬೇಕು.

ತಪಾಸಣೆ ಅಂದರೆ ಕಾರಿನಿಂದ ಇಳಿಯದೆ ನೋಡಿ ಹೋಗುವುದಲ್ಲ. ಕೆಳಗಿಳಿದು, ಸುತ್ತಿಗೆಯಿಂದ ಕಾಂಕ್ರೀಟನ್ನು ತಟ್ಟುತ್ತಾ ಹೋಗಬೇಕು. ಗಟ್ಟಿ ಕಾಂಕ್ರೀಟ್ ‘ಟಣ್’ ಅನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ‘ಡಬ್’ ಅಂತ ಟೊಳ್ಳು ಸದ್ದು ಬರುತ್ತದೆ. ಒಳಗಿನ ಸರಳು ತುಕ್ಕು ಹಿಡಿದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ. ಸ್ಲ್ಯಾಬ್ ಕೊನೆಗೊಳ್ಳುವಲ್ಲಿ ಜಾಯಿಂಟ್ ಸೋರುತ್ತಿದೆಯಾ, ಅದರ ಕೆಳಗಿನ ಬೇರಿಂಗ್ (ಸೇತುವೆಯ ಮೇಲ್ಭಾಗ ಕೂರುವ ಆಸರೆ) ಮಣ್ಣಿನಲ್ಲಿ ಹೂತಿದೆಯಾ, ನೀರಿನ ಕೊಳವೆ ತೆರೆದಿದೆಯಾ ನೋಡಬೇಕು. ಹೊಳೆ ಇದ್ದರೆ ಪ್ರತಿ ನೆರೆ ಇಳಿದ ಮೇಲೂ ಕಂಬದ ಬುಡದ ಮಣ್ಣು ಕೊರೆದಿದೆಯಾ ಅಂತ ಅಳೆಯಬೇಕು. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಕ್ರೀಕ್ ಸೇತುವೆ ಬಿದ್ದು 10 ಜನ ಸತ್ತದ್ದು ಇದೇ ಕೊರೆತದಿಂದ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸೇತುವೆ ತಪಾಸಣೆ ಅನ್ನುವ ನಿಯಮ ಬಂದದ್ದೂ ಒಂದು ದುರಂತದ ನಂತರವೇ. 1967ರ ಡಿಸೆಂಬರ್ 15ರಂದು ಓಹಾಯೋ ನದಿಯ ಸಿಲ್ವರ್ ಬ್ರಿಡ್ಜ್ ಬಿದ್ದು 46 ಜನ ಸತ್ತರು. ಶುರುವಾದದ್ದು ಒಂದೇ ಒಂದು ಉಕ್ಕಿನ ಪಟ್ಟಿಯ ಸುಮಾರು 2.5 ಮಿ.ಮೀ. ಬಿರುಕಿನಿಂದ.

ಇನ್ನು ದೂರು. ‘ರಸ್ತೆ ಹಾಳಾಗಿದೆ, ಕ್ರಮ ತೆಗೆದುಕೊಳ್ಳಿ’ ಅಂತ ಬರೆದರೆ ಒಂದು ಸಲಿಕೆ ಮಿಶ್ರಣ ಬೀಳುತ್ತದೆ, ದೂರು ಮುಗಿಯುತ್ತದೆ. ಜಾಗ ಖಚಿತವಾಗಿ ಬರೆಯಿರಿ, ಗುಂಡಿಯ ಆಳ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಎಷ್ಟೋ ಆಡಳಿತಗಳಲ್ಲಿ ಇಂತಿಷ್ಟು ಆಳ ದಾಟಿದರೆ ಇಂತಿಷ್ಟು ದಿನದಲ್ಲಿ ದುರಸ್ತಿ ಅಂತ ಮಿತಿ ಇರುತ್ತದೆ, ಆ ಮಿತಿ ಎಷ್ಟು ಅಂತಲೂ ಕೇಳಿ. ನಿಮ್ಮ ಗುಂಡಿಗೆ ಕೇಳಬೇಕಾದದ್ದು ಪ್ಯಾಚ್ ಅಲ್ಲ, ಚರಂಡಿ ಸರಿ ಮಾಡಿ ಅಂತ. ಸಿಗ್ನಲ್‌ಗೆ, ಅಗೆದ ತಾರೀಕು ಹಾಕಿ ‘ಡಿಟೆಕ್ಟರ್ ತಂತಿ ತುಂಡಾಗಿರಬಹುದು, ಪರೀಕ್ಷಿಸಿ’ ಅಂತ ಬರೆಯಿರಿ. ಓದುವವರು ನೆಟ್ಟಗೆ ಕೂರುತ್ತಾರೆ. ಸೇತುವೆಗೆ, ಕೊನೆಯ ತಪಾಸಣೆ ಯಾವಾಗ ಆಯಿತು, ಅದರಲ್ಲಿ ಹೇಳಿದ ಕೆಲಸಗಳಲ್ಲಿ ಎಷ್ಟು ಮುಗಿದಿವೆ, ಭಾರದ ಲೆಕ್ಕವನ್ನು ಯಾವ ವರ್ಷ ಹಾಕಿದ್ದು ಅಂತ ಕೇಳಿ.

ದಾಖಲೆ ಯಾಕೆ ಮುಖ್ಯ ಅನ್ನುವುದಕ್ಕೆ ಇಂಗ್ಲೆಂಡಿನ ಉದಾಹರಣೆ ಚೆನ್ನಾಗಿದೆ. ಅಲ್ಲಿನ 1980ರ ಹೆದ್ದಾರಿ ಕಾಯ್ದೆಯ 41ನೇ ಸೆಕ್ಷನ್ ರಸ್ತೆ ನೋಡಿಕೊಳ್ಳುವುದನ್ನು ಸ್ಥಳೀಯ ಆಡಳಿತದ ಕರ್ತವ್ಯ ಮಾಡಿದೆ. ಗುಂಡಿಗೆ ಬಿದ್ದವರು ಪರಿಹಾರ ಕೇಳಿದರೆ, 58ನೇ ಸೆಕ್ಷನ್ ಪ್ರಕಾರ ‘ನಾವು ತಕ್ಕಮಟ್ಟಿಗೆ ಎಚ್ಚರಿಕೆ ವಹಿಸಿದ್ದೆವು’ ಅಂತ ಆಡಳಿತವೇ ತೋರಿಸಬೇಕು. ತಪಾಸಣೆಯ ದಾಖಲೆ ಇಲ್ಲದೆ ಅದನ್ನು ತೋರಿಸುವುದು ಕಷ್ಟ. ಹಾಗಾಗಿ ನೀವು ಬರೆದುಕೊಟ್ಟ, ತಾರೀಕು ಇರುವ ದೂರು ಕೂಡ ಒಂದು ದಾಖಲೆ: ಇನ್ನು ಮೇಲೆ ‘ನಮಗೆ ಗೊತ್ತಿರಲಿಲ್ಲ’ ಅನ್ನುವುದಕ್ಕೆ ಆಗುವುದಿಲ್ಲ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ನಂಬರ್ ತೆಗೆದುಕೊಂಡು ಬನ್ನಿ.

ಒಂದೇ ಒಂದು ಸಂದರ್ಭದಲ್ಲಿ ಅರ್ಜಿ ಬರೆಯುತ್ತಾ ಕೂರಬೇಡಿ. ಸೇತುವೆಯ ಜಾಯಿಂಟ್ ಹತ್ತಿರ ನಿನ್ನೆ ಇಲ್ಲದ ಮೆಟ್ಟಿಲು ಇವತ್ತು ಬಂದಿದ್ದರೆ, ನೇರವಾಗಿದ್ದ ಕಟಕಟೆ ನಡುವೆ ಬಾಗಿದಂತೆ ಕಂಡರೆ, ಕೆಳಗೆ ಕಾಂಕ್ರೀಟ್ ತುಂಡು ಹೊಸದಾಗಿ ಉದುರಿ ಬಿದ್ದಿದ್ದರೆ ನೇರ ಪೊಲೀಸರ ತುರ್ತು ನಂಬರಿಗೆ ಫೋನ್ ಮಾಡಿ. ಗಾಡಿ ನಿಲ್ಲಿಸುವ ಅಧಿಕಾರ ಅಷ್ಟು ಬೇಗ ಸಿಗುವುದು ಅವರ ಹತ್ತಿರವೇ, ಎಂಜಿನಿಯರ್‌ನ ಕರೆಸುವುದು ಅದಾದ ಮೇಲೆ.